ಅಪ್ಪನ ದನಿ ಇದ್ದ ಡಿಸ್ಕ್

ಮತ್ತೆ ಟಕ್ ಎಂದಿತು. ಅವನು ಕೇಬಲ್ ಬದಲಿಸಿದ, ಇನ್ನೊಂದು ಕಿಂಡಿಗೆ ಚುಚ್ಚಿದ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ. ಹಾರ್ಡ್ ಡಿಸ್ಕ್ ಎಲ್ಲ ಕಡೆಯೂ ಅಷ್ಟೇ ನಿಯತ್ತಿನಿಂದ ನಡುನಡುವೆ ಕೈಕೊಡುತ್ತಿತ್ತು. ತಪ್ಪು ಡಿಸ್ಕಿನದೇ ಎಂದು ಖಚಿತವಾದಾಗ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನಿಗೆ ಖಚಿತವಾದದ್ದು ಯಾವುದಾದರೂ ಇಷ್ಟವೇ.

ಅದರೊಳಗೆ ಇದ್ದದ್ದು ಅಪ್ಪನ ದನಿ. ಅಪ್ಪ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ ಮೇಲೆ, ಆಪರೇಷನ್ನಿಗೆ ಮುಂಚೆ ಅಕ್ಕ ಅವರನ್ನು ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿದ್ದಳು. ಕಥೆ, ಬೈಗುಳ, ಮೊಮ್ಮಕ್ಕಳನ್ನು ಕೂಗಿ ಕರೆಯುವುದು, ನಿಲ್ದಾಣದ ಪ್ರಕಟಣೆಗಳು. ಈಗ ಅಪ್ಪ ಸಂಜೆ ಹೊತ್ತು ಹೆಡ್‌ಫೋನ್ ಹಾಕಿಕೊಂಡು ತಮ್ಮನ್ನೇ ತಾವು ಕೇಳುತ್ತ ಕೂರುತ್ತಾರೆ.

ಇನ್ನೊಂದು ಪ್ರತಿ ಮಾಡಿಡು ಎಂದು ಅಕ್ಕ ಹೇಳಿದ್ದಳು. ಮಾಡೋಣ ಎಂದಿದ್ದ, ಮಾಡಿರಲಿಲ್ಲ. ತಾನು ಮಾತ್ರ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಬದುಕಿರುವ ಮನುಷ್ಯನ ದನಿಯನ್ನು ಪೆಟ್ಟಿಗೆಯಿಂದ ತೆಗೆದು ಕೇಳಲು ಅವನಿಗೆ ಭಯ.

ಡಿಸ್ಕ್ ಕೆಟ್ಟ ಸುದ್ದಿ ತಿಳಿದು ಅಕ್ಕ ಫೋನ್ ಮಾಡಿದಳು.

"ಓಪನ್ ಆಗುತ್ತಾ?"

"ಆಗುತ್ತೆ. ನಿಧಾನ."

"ಹಾಗಾದ್ರೆ ಮೊದ್ಲು ಕಾಪಿ ಮಾಡ್ಕೋ."

"ಎಲ್ಲೆಲ್ಲಿ ಕೆಟ್ಟಿದೆ ಅಂತ ಗೊತ್ತಾಗ್ಬೇಕಲ್ಲ. ಪೂರ್ತಿ ಟೆಸ್ಟ್ ಹಾಕ್ತೀನಿ."

"ಗೊತ್ತಾಗಿ ಏನ್ ಮಾಡ್ತೀಯ?"

"ಕ್ಲಾಸಿಗೆ ಹೊತ್ತಾಯ್ತು," ಎಂದು ಫೋನ್ ಇಟ್ಟ. ಅಂದು ಕಾಲೇಜಿಗೆ ರಜೆ.

ಪರೀಕ್ಷೆ ಶುರುವಾಯಿತು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಹಸಿರಾದವು, ನಡುನಡುವೆ ಕೆಟ್ಟ ಜಾಗಕ್ಕೆ ಕೆಂಪು. ಕೆಂಪು ಬಂದಾಗಲೆಲ್ಲ ಡಿಸ್ಕ್ ಅದೇ ಜಾಗವನ್ನು ಓದಲು ಮತ್ತೆ ಮತ್ತೆ ಹೆಣಗುತ್ತಿತ್ತು. ಸಾಯುತ್ತಿರುವ ಡಿಸ್ಕನ್ನು ಹೀಗೆ ದುಡಿಸಬಾರದು, ಜೀವ ಇರುವಷ್ಟರಲ್ಲಿ ಬೇಕಾದದ್ದನ್ನು ಎತ್ತಿಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅರ್ಧಕ್ಕೆ ಬಿಟ್ಟ ಲೆಕ್ಕ ಅವನಿಗೆ ಆಗಿಬರುವುದಿಲ್ಲ.

ಕೆಂಪು ಎಲ್ಲೆಲ್ಲಿ ಗುಂಪುಗಟ್ಟುತ್ತಿದೆ ಎಂದು ನೋಡುತ್ತ ಊಟ ಮರೆತ. ಎಷ್ಟೋ ದಿನಗಳ ಮೇಲೆ ಖುಷಿಯಾಗಿದ್ದ. ಅದು ಖುಷಿ ಎಂದು ಹೊಳೆದಾಗ ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ.

ಕೊನೆಯ ಸಾಲು ಮುಗಿಯುತ್ತಿದ್ದಂತೆ ಟಕ್ ಸದ್ದು ನಿಂತಿತು. ಒಳಗೆ ತಿರುಗುವ ಸದ್ದೂ ನಿಂತಿತು. ಕಳಚಿ ಮತ್ತೆ ಚುಚ್ಚಿದ. ಅಂಥದ್ದೊಂದು ಇದೆ ಎಂಬುದನ್ನೇ ಕಂಪ್ಯೂಟರ್ ಒಪ್ಪಲಿಲ್ಲ. ಪರೀಕ್ಷೆಯ ವರದಿ ಮಾತ್ರ ತಯಾರಾಗಿತ್ತು. ಉಳಿಸಬೇಕೇ ಎಂದು ಪರದೆ ಕೇಳಿತು. ಹೌದು ಎಂಬಲ್ಲಿ ಒತ್ತಿದ.

ಸಂಜೆ ಅಪ್ಪ ಬಂದರು. ದಿನದ ಹಾಗೆ ಕುರ್ಚಿ ಎಳೆದುಕೊಂಡು, ಹೆಡ್‌ಫೋನ್ ಏರಿಸಿ, ಹಾಕು ಎಂಬಂತೆ ಹುಬ್ಬು ಕುಣಿಸಿದರು.

"ಸ್ವಲ್ಪ ಹೊತ್ತಾಗುತ್ತೆ ಅಪ್ಪ," ಎಂದ.

ಅವರಿಗೆ ಅದು ಕೇಳಿಸಿತೋ ಇಲ್ಲವೋ. ಕಣ್ಣು ಮುಚ್ಚಿ ಕಾದರು. ಆಮೇಲೆ, ಏನೂ ಬಾರದ ಹೆಡ್‌ಫೋನಿನೊಳಗೆ ತಲೆ ನೆಟ್ಟಗೆ ಇಟ್ಟುಕೊಂಡು, ತುಟಿ ಅಲುಗಿಸತೊಡಗಿದರು. ಒಂದೊಂದು ಮಾತನ್ನೂ ಬಿಡಿಸಿ ಹೇಳುವ, ನಿಲ್ದಾಣದ ಅದೇ ನಿಧಾನ. ಪ್ರಕಟಣೆಯೋ, ಬೈಗುಳವೋ, ತನ್ನನ್ನೇ ಕರೆಯುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಒಯ್ದ. ಬಾಯಿಂದ ಉಸಿರು ಕೂಡ ಬರುತ್ತಿರಲಿಲ್ಲ. ಅದು ಕೆಳಗೆ, ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿನಲ್ಲಿ ಹೋಗಿ ಬರುತ್ತಿತ್ತು.