ಚೆಂಡ ಒಗಿ, ಹುಚ್ಚೀ!

ಅಕ್ಕಲಕೋಟದ ಪಾತ್ರೆ ಅಂಗಡಿಯ ಸಾತಲಿಂಗಪ್ಪನವರ ಹೆಂಡತಿ ರತ್ನಾಬಾಯಿಗೆ ಅರವತ್ತರ ಹತ್ತಿರ ಬಂದಾಗ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಮೊಮ್ಮಗಳು ಪ್ರಾಜಕ್ತಾ ಶಾಲೆಯ ತಂಡ ಸೇರಿದಾಗ, ಹುಡುಗಿ ಒಬ್ಬಳೇ ಮೈದಾನಕ್ಕೆ ಹೋಗುವುದು ಬೇಡವೆಂದು ತಿಂಡಿಯ ಡಬ್ಬಿ ಹಿಡಿದು ಜೊತೆಗೆ ಹೊರಟವರು ಅವರು. ಕೆಲವೇ ದಿನಗಳಲ್ಲಿ ಡಬ್ಬಿ ಮನೆಯಲ್ಲೇ ಉಳಿಯತೊಡಗಿತು, ರತ್ನಾಬಾಯಿ ಮಾತ್ರ ಒಂದು ದಿನವೂ ಉಳಿಯಲಿಲ್ಲ. ಮಧ್ಯಾಹ್ನ ಧಾರಾವಾಹಿ ನೋಡುತ್ತಿದ್ದ ಫೋನಿನಲ್ಲಿ ಈಗ ಅಮೆರಿಕದವರ ಆಟ ಓಡುತ್ತಿತ್ತು. ಅವರ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಅದರಿಂದ ರತ್ನಾಬಾಯಿಗೆ ತೊಂದರೆಯೂ ಆಗಲಿಲ್ಲ. ತಿಳಿಯದ್ದನ್ನು ಊಹಿಸಿಕೊಂಡರು, ಊಹಿಸಿದ್ದನ್ನು ನಾಲ್ಕು ದಿನ ಬಿಟ್ಟು ತಾವು ಕಲಿತದ್ದೆಂದೇ ನಂಬಿದರು.

ಅದರಲ್ಲೂ ಪಿಚಿಂಗ್ ವಿಷಯದಲ್ಲಿ ತಮಗಿಂತ ಬಲ್ಲವರು ಜಿಲ್ಲೆಯಲ್ಲಿಲ್ಲ ಎಂದು ಅವರ ಎಣಿಕೆ. ಬ್ಯಾಟ್ ಹಿಡಿದವಳಿಗೆ ಚೆಂಡು ಎಸೆಯುವ ಪಿಚರ್‌ಗಳು ತಂಡದಲ್ಲಿ ಇಬ್ಬರಿದ್ದರು. ರೂಪಾಲಿ ಎಂಬ ಸಣಕಲು ಹುಡುಗಿ ನಿಧಾನವಾಗಿ ಎಸೆಯುತ್ತಿದ್ದಳು, ಆದರೆ ಚೆಂಡು ಹೇಳಿದ ಜಾಗಕ್ಕೇ ಹೋಗುತ್ತಿತ್ತು. ಪ್ರಾಜಕ್ತಾಳ ಚೆಂಡು ಗುಂಡಿನಂತೆ ಹೋಗುತ್ತಿತ್ತು, ಎಲ್ಲಿಗೆ ಎಂಬುದು ಅವಳಿಗೂ ತಿಳಿದಿರಲಿಲ್ಲ. ತಂಡಕ್ಕೆ ಆಟ ಕಲಿಸುತ್ತಿದ್ದ ಯೋಗಿರಾಜ ಸರ್ ಪ್ರತಿ ಪಂದ್ಯಕ್ಕೂ ರೂಪಾಲಿಯನ್ನೇ ಮೊದಲು ಇಳಿಸುತ್ತಿದ್ದರು. ಇದು ರತ್ನಾಬಾಯಿಯ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ.

ಜಿಲ್ಲಾ ಪಂದ್ಯದ ಕೊನೆಯ ಆಟ ಸೋಲಾಪುರದಲ್ಲಿ, ಬಾರ್ಶಿಯ ಹುಡುಗಿಯರ ಎದುರು. ರತ್ನಾಬಾಯಿ ಬೆಳಿಗ್ಗೆಯೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. ಪೇಟೆಯ ಕೆಲಸಕ್ಕೆಂದು ಜೊತೆಗೆ ಬಂದಿದ್ದ ಸಾತಲಿಂಗಪ್ಪನವರು ಟೋಪಿಯನ್ನು ಮುಖದ ಮೇಲೆಳೆದುಕೊಂಡು ನಿದ್ದೆಹೋದರು. ಇನ್ನೊಂದು ಮಗ್ಗುಲಲ್ಲಿ ರೂಪಾಲಿಯ ತಂದೆ ಧರ್ಮರಾಜ. ತೊಗರಿ ಬೆಳೆಯುವ ಒಕ್ಕಲಿಗ, ಫೋನಿನಲ್ಲಿ ಅದೇ ಅಮೆರಿಕದವರನ್ನು ನೋಡಿ ಅಷ್ಟೇ ಜ್ಞಾನ ಗಳಿಸಿದವನು.

“ಎಷ್ಟ ಸಾವಕಾಶ ಒಗೀತಾಳೋ ನಿನ್ನ ಮಗಳು!” ಎಂದು ರತ್ನಾಬಾಯಿ ಶುರು ಮಾಡಿದರು. “ಚೆಂಡ ಹೋಗಿ ಮುಟ್ಟೂದ್ರಾಗ ನಾ ಒಂದ್ ಕಪ್ ಚಾ ಕುಡದ್ ಬರ್ತೀನಿ.”

“ಕುಡದ್ ಬರ್ರಿ ಅಕ್ಕಾರ. ಆದ್ರ ಒಗೀಬೇಕಾದ ಜಾಗಾಕ್ಕ ಒಗೀತಾಳಲ್ರಿ. ನಿಮ್ಮ ಪ್ರಾಜಕ್ತಾ ಹೋದ ವಾರ ಒಗದದ್ದು ರಿಕ್ಷಾದಾಗ ಹೋಗಿ ಬಿದ್ದಿತ್ತು.”

“ರಿಕ್ಷಾ ಅಲ್ಲ್ಯಾಕ ನಿಂದ್ರಿಸಿದ್ದಾ ಅವಾ?”

ಹೀಗೆ ಬಿಸಿಲೇರುವವರೆಗೂ ನಡೆಯಿತು. ನಡುನಡುವೆ ರತ್ನಾಬಾಯಿ ಎದ್ದು ನಿಂತು, “ಸರ್, ಪಿಚರ್ ಬದಲ್ ಮಾಡ್ರಿ!” ಎಂದು ಕೂಗುತ್ತಿದ್ದರು. ಯೋಗಿರಾಜ ಸರ್ ಒಮ್ಮೆಯೂ ತಿರುಗಿ ನೋಡಲಿಲ್ಲ.

ಬಾರ್ಶಿಯವರು ಬ್ಯಾಟ್ ಹಿಡಿಯುವ ಕೊನೆಯ ಸರದಿ ಬಂತು. ಅಕ್ಕಲಕೋಟ ಒಂದೇ ರನ್ ಮುಂದಿತ್ತು. ಬಾರ್ಶಿಯ ಮೂವರು ಔಟಾದರೆ ಕಪ್ ಅಕ್ಕಲಕೋಟದ ಕೈಗೆ. ಆಗ ರೂಪಾಲಿ ಭುಜ ಒತ್ತಿಕೊಳ್ಳುವುದನ್ನು ಕಂಡು ಸರ್ ಮೈದಾನದೊಳಗೆ ಹೋದರು. ಚೆಂಡನ್ನು ಪ್ರಾಜಕ್ತಾಳ ಕೈಗೆ ಕೊಟ್ಟು, ರೂಪಾಲಿಯನ್ನು ಹಿಂದೆ, ಓಡುವವರು ಒಂದೊಂದಾಗಿ ಮುಟ್ಟಿ ಹೋಗಬೇಕಾದ ನಾಲ್ಕು ಬೇಸುಗಳಲ್ಲಿ ಎರಡನೆಯದರ ಬಳಿ ನಿಲ್ಲಿಸಿದರು.

ರತ್ನಾಬಾಯಿ ಇಡೀ ಸಾಲಿಗೆ ಕೇಳುವಂತೆ ಹೇಳಿದರು: “ನಾ ಹೇಳಿದ್ದಕ್ಕ ಮಾಡ್ಯಾರ ನೋಡ್ರಿ. ಸರ್‌ಗ ತಿಳೀತದ, ಸ್ವಲ್ಪ ತಡಾ ಆಗಿ ತಿಳೀತದ.”

ಪ್ರಾಜಕ್ತಾಳ ಮೊದಲ ಚೆಂಡು, ಅದನ್ನು ಹಿಡಿಯಲು ಬ್ಯಾಟಿನವಳ ಹಿಂದೆ ಕುಳಿತವಳ ತಲೆಯ ಮೇಲಿಂದ ಹಾರಿ ತಂತಿ ಬೇಲಿಗೆ ಬಡಿಯಿತು. ಎರಡನೆಯದಕ್ಕೆ ಅಂಪೈರ್ ಜಿಗಿದು ಕಾಲುಳಿಸಿಕೊಂಡ. ನಾಲ್ಕು ಚೆಂಡು ಹೀಗೆ ಅಡ್ಡಾದಿಡ್ಡಿ ಬಿದ್ದರೆ ಬ್ಯಾಟ್ ಹಿಡಿದವಳು ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಬಾರ್ಶಿಯವಳು ಜಡೆ ಸರಿಮಾಡಿಕೊಳ್ಳುತ್ತ ನಡೆದು ಹೋದಳು. ಅವಳ ಹಿಂದೆ ಇನ್ನೊಬ್ಬಳೂ ಹಾಗೆಯೇ ನಡೆದಳು. ಮೊದಲಿನವಳು ಎರಡನೆಯ ಬೇಸಿಗೆ ಸರಿದಳು.

“ಗಾಳಿ ಭಾಳ ಅದ,” ಎಂದರು ರತ್ನಾಬಾಯಿ. ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

“ಸ್ಪೀಡ್ ಮಾತ್ರ ಅದ ಬಿಡ್ರಿ ಅಕ್ಕಾರ,” ಎಂದ ಧರ್ಮರಾಜ.

ಇಡೀ ಸಾಲು ತಮ್ಮತ್ತಲೇ ನೋಡುತ್ತಿರುವಂತೆ ರತ್ನಾಬಾಯಿಗೆ ಅನ್ನಿಸಿತು. ಅವರು ಮತ್ತೆ ಎದ್ದು ನಿಂತರು. “ಸರ್, ಪಿಚರ್ ಬದಲ್ ಮಾಡ್ರಿ!”

“ಯಾರನ್ನ ಹಾಕಬೇಕ್ರಿ?” ಎಂದು ಕೇಳಿದ ಧರ್ಮರಾಜ, ಬಹಳ ಮರ್ಯಾದೆಯಿಂದ.

“ರೂಪಾಲೀನ ಹಾಕ್ರಿ!” ಎಂದು ಬಾಯಿಂದ ಬಂದುಬಿಟ್ಟಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಈ ಹುಡುಗಿಯ ಚೆಂಡು ನೇರ ಬೀಳುವುದಿಲ್ಲವೆಂದು ಬಾರ್ಶಿಯ ಸರ್‌ಗೆ ಆ ಹೊತ್ತಿಗೆ ಖಾತ್ರಿಯಾಗಿತ್ತು. ಚೆಂಡು ಕೈಬಿಟ್ಟ ಕೂಡಲೇ ಓಡಿರೆಂದು ಬೇಸಿನ ಮೇಲಿದ್ದ ಇಬ್ಬರಿಗೂ ಸನ್ನೆ ಮಾಡಿದರು. ಪ್ರಾಜಕ್ತಾ ಎಸೆದಳು, ಇಬ್ಬರೂ ಓಡಿದರು. ಆದರೆ ಅಂದಿನ ಮಟ್ಟಿಗೆ ಮೊದಲ ಬಾರಿ ಚೆಂಡು ನೆಟ್ಟಗೆ ಹೋಯಿತು, ಬ್ಯಾಟಿನವಳು ಅದನ್ನು ಫಟ್ಟೆಂದು ಬಾರಿಸಿದಳು. ರೂಪಾಲಿ ಅಡ್ಡಹಾರಿ ಗಾಳಿಯಲ್ಲೇ ಹಿಡಿದಳು. ಎರಡು ಹೆಜ್ಜೆ ಓಡಿ ಎರಡನೆಯ ಬೇಸನ್ನು ತುಳಿದಳು. ಮೊದಲ ಬೇಸಿನಿಂದ ಓಡಿಬರುತ್ತಿದ್ದವಳು ನಿಲ್ಲಲಾರದೆ ಎದುರಿಗೇ ಬಂದಳು, ರೂಪಾಲಿ ಅವಳ ಹೊಟ್ಟೆಗೆ ಚೆಂಡು ಮುಟ್ಟಿಸಿದಳು. ಆಮೇಲೆ ಸುಮ್ಮನೆ ನಿಂತಳು.

ಮೈದಾನವೂ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ರತ್ನಾಬಾಯಿಯ ದನಿಯೊಂದೇ ಮೊಳಗಿತು:

“ಚೆಂಡ ಒಗಿ! ಯಾಕ ನಿಂತೀ? ಚೆಂಡ ಒಗಿ, ಹುಚ್ಚೀ!”

“ಒಗಿ ರೂಪಾ, ಒಗಿ!” ಎಂದು ಧರ್ಮರಾಜನೂ ದನಿಗೂಡಿಸಿದ.

ಬಾರ್ಶಿಯವರೊಬ್ಬರು ಏನಾಯಿತೆಂದು ತಿಳಿಯದೆ ಪಕ್ಕದವರನ್ನು ಮರಾಠಿಯಲ್ಲಿ “ಕಾಯ್ ಝಾಲಂ ಹೋ?” ಎಂದು ಕೇಳುತ್ತಿದ್ದರು. ಅಂಪೈರ್ ತನ್ನಷ್ಟಕ್ಕೆ ಬೆರಳು ಮಡಿಸಿ ನೋಡಿಕೊಂಡು ಕೈಯೆತ್ತಿದ. ಅಕ್ಕಲಕೋಟದ ಹುಡುಗಿಯರು ಕಿರುಚುತ್ತ ಓಡಿ ರೂಪಾಲಿಯ ಮೇಲೆ ಬಿದ್ದರು. ರತ್ನಾಬಾಯಿ ಇನ್ನೂ ಒಗಿ, ಒಗಿ ಎನ್ನುತ್ತಲೇ ಇದ್ದರು. ಗದ್ದಲಕ್ಕೆ ಎಚ್ಚರಾದ ಸಾತಲಿಂಗಪ್ಪನವರು ಟೋಪಿ ಸರಿಸಿ ಒಂದು ಸಲ ಮೈದಾನ ನೋಡಿದರು. “ಗೆದ್ದಾರಲ್ಲ, ಯಾಕ ಒದರಾಕತ್ತೀ?” ಎಂದರು.

ಆದದ್ದೇನೆಂದು ರತ್ನಾಬಾಯಿ ಧರ್ಮರಾಜನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಕೊನೆಗೆ ಧೂಳು ಮೆತ್ತಿಕೊಂಡು ಬಂದ ಪ್ರಾಜಕ್ತಾಳೇ ಇಬ್ಬರು ಪಂಡಿತರನ್ನೂ ಕೂರಿಸಿಕೊಂಡು ಹೇಳಿದಳು.

“ಆಯಿ, ನೆಲಕ್ಕ ಬೀಳೂಕಿಂತ ಮುಂಚೆ ಹಿಡದ್ಲಲ್ಲ, ಹೊಡದಾಕಿ ಔಟ್. ಎರಡನೇ ಬೇಸ್ ಬಿಟ್ಟು ಓಡಿದ್ದಾಕಿ ತಿರುಗಿ ಬರಬೇಕಿತ್ತು, ಬರೂದ್ರಾಗ ಇಕಿ ಬೇಸ್ ತುಳದ್ಲು. ಆಕೀನೂ ಔಟ್. ಇನ್ನೊಬ್ಬಾಕಿನ್ನ ಮುಟ್ಟಿದ್ಲು. ಒಬ್ಬಾಕಿನ ಮೂರೂ ಮಂದೀನ ಔಟ್ ಮಾಡ್ಯಾಳ! ಸರ್ ತಮ್ಮ ಜೀವನದಾಗ ಇಂಥಾದ್ದು ನೋಡಿಲ್ಲಂತ.”

“ಹಂಗಾರ ಚೆಂಡ ಒಗೀಬೇಕಾಗಿರ್ಲಿಲ್ಲ?”

“ಯಾರಿಗೆ ಒಗೀಬೇಕ್ ಆಯಿ? ಆಟನಾ ಮುಗದಿತ್ತು.”

ಯಾರೋ ಫೋನಿನಲ್ಲಿ ಹಿಡಿದಿದ್ದ ವಿಡಿಯೋ ಸಂಜೆಗೇ ಅಕ್ಕಲಕೋಟ ತಲುಪಿತು. ಹಿಡಿದವನ ಕೈ ನಡುಗಿ ಆಟ ಅರ್ಧಂಬರ್ಧ ಕಾಣುತ್ತಿತ್ತು. ರತ್ನಾಬಾಯಿಯ ದನಿ ಮಾತ್ರ ಅಕ್ಷರಕ್ಷರ ಕೇಳುತ್ತಿತ್ತು. ಮರುದಿನ ಅಂಗಡಿಗೆ ಬಂದ ನೆರೆಮನೆಯ ನೀಲಾಬಾಯಿ ಒಂದು ಡಬರಿ ಪಾತ್ರೆಯನ್ನು ಕೈಗೆತ್ತಿಕೊಂಡು, “ಒಗೀಲೇನ್ರಿ ವೈನಿ?” ಎಂದಳು. ರತ್ನಾಬಾಯಿಗೆ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಾವೂ ವಿಡಿಯೋ ನೋಡಿದರು. ತಮ್ಮ ದನಿ ಇಷ್ಟು ಗಟ್ಟಿಯಿದೆಯೆಂದು ಅವರಿಗೆ ಅಂದೇ ಗೊತ್ತಾದದ್ದು. ಎರಡನೆಯ ಸಲ ನೋಡುವಾಗ ನಗು ಬಂತು, ಮೂರನೆಯ ಸಲ ಕೆಮ್ಮು ಹತ್ತಿ ಸಾತಲಿಂಗಪ್ಪನವರು ನೀರು ಕೊಡಬೇಕಾಯಿತು. ಅಂದಿನಿಂದ ಗಿರಾಕಿಗಳನ್ನು ಅವರೇ ಕರೆದು ತೋರಿಸತೊಡಗಿದರು. “ಇಕಾ, ಇಕೀನ ನೋಡ್ರಿ, ದೊಡ್ಡ ಶಾಣ್ಯಾಕಿ!” ಎಂದು ತಮ್ಮನ್ನೇ ಬೆರಳು ಮಾಡಿ ತೋರಿಸುತ್ತಿದ್ದರು.

ಭಾನುವಾರ ರೂಪಾಲಿಯನ್ನೂ ಅವಳ ತಂದೆಯನ್ನೂ ಊಟಕ್ಕೆ ಕರೆದರು. ಹೋಳಿಗೆಗೆ ತುಪ್ಪ ಬಡಿಸುತ್ತ, “ಹುಚ್ಚಿ ಅಂದದ್ದು ಮನಸಿಗೆ ಹಚ್ಕೋಬ್ಯಾಡವ್ವ,” ಎಂದರು.

“ಇಲ್ರಿ ಆಯಿ. ನೀವು ಒದರಿದ್ದು ಕೇಳಿ ಒಗದೇ ಬಿಡ್ತಿದ್ದೆ. ಕೈ ಎತ್ತಿದ್ದೆ. ಅಪ್ಪಾನೂ ಒಗಿ ಅಂದ್ರಲ್ಲ, ಇಬ್ರೂ ಒಂದಾ ಮಾತ ಹೇಳಾಕತ್ತಾರಂದ್ರ ಏನೋ ತಪ್ಪದ ಅನಸ್ತು. ಅದಕ್ಕ ಬಿಟ್ಟೆ.”

ಧರ್ಮರಾಜ ಹೋಳಿಗೆಯತ್ತ ನೋಡಿದ. ರತ್ನಾಬಾಯಿ ತುಪ್ಪದ ಮಿಳ್ಳೆಯನ್ನು ಇನ್ನಷ್ಟು ಬಗ್ಗಿಸಿದರು.

ಬಾಯಿ ಕಟ್ಟಿದ್ದು ಊಟ ಮುಗಿಯುವವರೆಗೆ ಮಾತ್ರ. ಮುಂದಿನ ತಿಂಗಳು ವಿಭಾಗದ ಪಂದ್ಯ. ಎಲೆ ಅಡಿಕೆಗೆ ಕೈ ಹಾಕುತ್ತ ಧರ್ಮರಾಜ, “ಪಿಚಿಂಗ್ ಪ್ರಾಜಕ್ತಾಗೆ ಕೊಡಬೇಕ್ ನೋಡ್ರಿ ಅಕ್ಕಾರ. ರೂಪಾ ಹಿಂದ ನಿಂತ್ರನ ಛಲೋ,” ಎಂದ.

“ಏನ್ ತಿಳೀತದೋ ನಿನಗ?” ರತ್ನಾಬಾಯಿ ಸೆರಗು ಬಿಗಿದುಕೊಂಡು ಮುಂದಕ್ಕೆ ಸರಿದರು. “ಪಿಚರ್ ಅಂದಮ್ಯಾಲ ಚೆಂಡ ಜಾಗಾಕ್ಕ ಬೀಳಬೇಕು. ಸ್ಪೀಡ್ ತಗೊಂಡ್ ಏನ್ ಮಾಡ್ತಿ? ರೂಪಾಲೀನ ಹಾಕಬೇಕು!”

ಹುಡುಗಿಯರಿಬ್ಬರೂ ಎದ್ದು ಅಂಗಳಕ್ಕೆ ಆಡಲು ಹೋದರು. ಸಾತಲಿಂಗಪ್ಪನವರು ಟೋಪಿ ಹುಡುಕತೊಡಗಿದರು.