ಭಾವ ಕೊಟ್ಟ ನೀರುಗಿಡ

ಆ ಬೀದಿಯ ಕ್ಷೌರಿಕನಿಗೆ ಇಬ್ಬರ ಭಯವಿತ್ತು. ಒಬ್ಬಳು ಹೆಂಡತಿ; ಅದು ಮನೆಮನೆಯ ಕಥೆ. ಇನ್ನೊಬ್ಬ, ಆ ಹೆಂಡತಿಯ ಅಣ್ಣ. ಬಸ್ ಡಿಪೋದಲ್ಲಿ ಮ್ಯಾನೇಜರ್ ಆಗಿದ್ದ ಈ ಭಾವನ ಆಳೂ ದೊಡ್ಡದು, ದನಿಯೂ ದೊಡ್ಡದು. ಯಾರ ಮನೆಗೆ ಹೋದರೂ ಕೆಟ್ಟು ನಿಂತ ಬಸ್ಸನ್ನು ನೋಡುವ ಹಾಗೆ ಒಂದು ಸುತ್ತು ಹಾಕಿ, ಎಲ್ಲೆಲ್ಲಿ ಏನೇನು ಸರಿಯಿಲ್ಲ ಎಂದು ಹೇಳಿ ಮುಗಿಸಿದ ಮೇಲೆಯೇ ಕುರ್ಚಿಯಲ್ಲಿ ಕೂರುವುದು ಅವನ ಪದ್ಧತಿ.

ಕ್ಷೌರಿಕನ ಸುಖವೆಲ್ಲ ಇದ್ದದ್ದು ಹಜಾರದ ಮೂಲೆಯ ಗಾಜಿನ ತೊಟ್ಟಿಯಲ್ಲಿ. ಅದರಲ್ಲಿ ಅವನು ಸಾಕಿದ್ದು ಮೀನುಗಳನ್ನಲ್ಲ, ಸಿಹಿನೀರಿನ ಪುಟ್ಟ ಸೀಗಡಿಗಳನ್ನು. ಉಗುರಿನಷ್ಟು ಉದ್ದ, ಒಣಮೆಣಸಿನಕಾಯಿಯಷ್ಟು ಕೆಂಪು. ತೊಟ್ಟಿಯನ್ನು ಅಂಗಡಿಯಲ್ಲಿಟ್ಟಿದ್ದರೆ ಗಿರಾಕಿಗಳಿಗೂ ಹೊತ್ತು ಹೋಗುತ್ತಿತ್ತು. ಆದರೆ ಅಲ್ಲಿನ ಸ್ಪ್ರೇ, ಸೆಂಟು, ಕೂದಲಿನ ಬಣ್ಣ ಇವು ಯಾವುವೂ ಸೀಗಡಿಗಳಿಗೆ ಆಗಿಬರುವುದಿಲ್ಲ. ದಿನವಿಡೀ ಊರಿನವರ ತಲೆ ಬಗ್ಗಿಸಿ ತನ್ನ ಬೆನ್ನು ಹಿಡಿಸಿಕೊಂಡು ಬಂದವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವು ಕಲ್ಲಿನ ಮೇಲಿನ ಪಾಚಿಯನ್ನು ಹೆಕ್ಕಿ ಹೆಕ್ಕಿ ಬಾಯಿಗಿಡುವುದನ್ನು ನೋಡುತ್ತಿದ್ದ. ರಾಜಕೀಯ ಮಾತಾಡದ ಗಿರಾಕಿಗಳು ಅವನಿಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ತೊಟ್ಟಿಯಲ್ಲಿ ಒಂದು ಹಸಿರೆಲೆಯೂ ಇರಲಿಲ್ಲ. ಹಿಂದೊಮ್ಮೆ ಆಸೆಪಟ್ಟು ಒಂದು ಕಂತೆ ಗಿಡ ಕೊಂಡುತಂದು, ನಲ್ಲಿಯಡಿ ಹಿಡಿದು ತೊಳೆದ ಶಾಸ್ತ್ರ ಮಾಡಿ, ನೇರ ಒಳಗೆ ನೆಟ್ಟಿದ್ದ. ಸಂಜೆಯ ಹೊತ್ತಿಗೆ ಸೀಗಡಿಗಳು ಕುಡಿದವರ ಹಾಗೆ ಗಿರಕಿ ಹೊಡೆಯತೊಡಗಿದವು. ಬೆಳಗಾಗುವಷ್ಟರಲ್ಲಿ ಮುಕ್ಕಾಲುಪಾಲು ಮಗುಚಿ ಬಿದ್ದಿದ್ದವು. ಗಿಡ ಬೆಳೆಸುವವರು ಹುಳ ಬೀಳದಿರಲೆಂದು ಹೊಡೆದ ಔಷಧಿ ಎಲೆಯಲ್ಲಿ ಉಳಿದಿರುತ್ತದೆ, ಮೀನು ತಡೆದುಕೊಂಡರೂ ಸೀಗಡಿ ತಡೆಯುವುದಿಲ್ಲ, ಯಾಕೆಂದರೆ ಅದೂ ಹುಳದ ದೂರದ ನೆಂಟನೇ ಎಂದು ಅವನಿಗೆ ತಿಳಿದದ್ದು ಆಮೇಲೆ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಇವನಂತೂ ಅಂದಿನಿಂದ ಸೊಪ್ಪು ಮಾರುವವರ ಕಡೆಗೂ ಅನುಮಾನದಿಂದಲೇ ನೋಡುತ್ತಿದ್ದ.

ಹೀಗಿರುವಾಗ ಭಾವ ಬಂದ. ಮನೆ ಸುತ್ತಿ ಮುಗಿಸಿ ತೊಟ್ಟಿಯ ಮುಂದೆ ನಿಂತು, ಕ್ಷೌರದವರ ಮನೆಯೆಂದು ಇದಕ್ಕೂ ತಲೆ ಬೋಳಿಸಿಬಿಟ್ಟಿರಾ ಎಂದು ಕೇಳಿ ತಾನೇ ನಕ್ಕ. ಮುಂದಿನ ವಾರವೇ ಒದ್ದೆ ಪೇಪರಿನಲ್ಲಿ ಸುತ್ತಿದ ದೊಡ್ಡ ಪೊಟ್ಟಣ ಹಿಡಿದು ಹಾಜರಾದ. ಒಳಗೆ ಸೊಂಪಾದ ನೀರುಗಿಡ. ಪೇಟೆಯ ಅತಿ ದೊಡ್ಡ ಅಂಗಡಿಯದು, ಹೊರದೇಶದ ಜಾತಿ, ಕಂಡಕಂಡವರಿಗೆ ಕೊಡುವುದಿಲ್ಲ ಎಂದೆಲ್ಲ ವಿವರಿಸಿದ. ಸದ್ಯದಲ್ಲೇ ಬಂದು ಹೇಗೆ ಬೆಳೆದಿದೆ ನೋಡುತ್ತೇನೆ ಎಂದು ಹೇಳಿ ಹೋದ.

ಅವನು ಹೊಸಿಲು ದಾಟಿದ್ದೇ ತಡ, ಕ್ಷೌರಿಕ ಗಿಡವನ್ನು ಬಚ್ಚಲುಮನೆಗೆ ಒಯ್ದ. ಬಾಚಣಿಗೆಯಿಂದ ಬೇರಿನ ಸಿಕ್ಕು ಬಿಡಿಸಿದ. ಕೊಳೆತ ಎಲೆಗಳನ್ನು ಕತ್ತರಿಯಿಂದ ಮಟ್ಟಸ ಮಾಡಿದ. ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ಗಿಡವನ್ನು ನೆನೆಹಾಕಿದ; ಎಲೆಗಂಟಿದ್ದ ಬಸವನಹುಳುಗಳು ಒಂದೊಂದಾಗಿ ಕಳಚಿ ತಳ ಸೇರಿದವು. ಮತ್ತೆ ಮತ್ತೆ ಜಾಲಿಸಿ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಬಕೆಟ್ಟಿನ ಶುದ್ಧ ನೀರಿಗೆ ಇಳಿಬಿಟ್ಟ. ಆಗಾಗ ನೀರು ಬದಲಿಸುತ್ತ ಕೆಲವು ವಾರ ಹೀಗೇ ಇಟ್ಟರೆ ವಿಷವಿದ್ದರೆ ಇಳಿಯುತ್ತದೆ, ಕಳ್ಳರು ಅಡಗಿದ್ದರೆ ಹೊರಬೀಳುತ್ತಾರೆ ಎಂದು ಹೆಂಡತಿಗೆ ತಿಳಿಸಿದ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅದೂ ಸೋಂಕಿನವರನ್ನು ಬೇರೆ ಇಡುವ ವಾರ್ಡಿನಲ್ಲಿ. ಬೇರೆ ಯಾರದೋ ಗಿಡವಾಗಿದ್ದರೆ ಬಕೆಟ್ಟಿಗೆ ಅವಳೇ ಬೋರ್ಡು ತೂಗುಹಾಕುತ್ತಿದ್ದಳು. ಆದರೆ ಇದು ತವರಿನಿಂದ ಬಂದದ್ದು.

"ನಮ್ಮಣ್ಣ ಕೊಟ್ಟಿದ್ದನ್ನ ಬಚ್ಚಲಲ್ಲಿ ಇಡ್ತೀರಾ?"

"ಬಚ್ಚಲಲ್ಲಲ್ಲ ಕಣೇ, ಬಕೆಟ್ಟಲ್ಲಿ."

"ಬಕೆಟ್ಟು ಎಲ್ಲಿದೆ?"

ಅವನು ಬಕೆಟ್ಟನ್ನು ಕಿಟಕಿಯ ಕಡೆಗೆ ಒಂದು ಗೇಣು ಸರಿಸಿದ.

ಮನೆಗಿದ್ದದ್ದು ಒಂದೇ ಬಚ್ಚಲುಮನೆ, ಅದೂ ಒಬ್ಬರು ತಿರುಗಿದರೆ ಮೊಣಕೈ ಗೋಡೆಗೆ ತಾಗುವಂಥದ್ದು. ಹೆಂಡತಿ ಸ್ನಾನಕ್ಕೆ ಹೋದರೆ ಅವನು ಬಾಗಿಲ ಹೊರಗೆ ನಿಂತು, ಸೋಪಿನ ನೊರೆ ಬಕೆಟ್ಟಿಗೆ ಹಾರದಂತೆ ನೋಡಿಕೊಳ್ಳೆಂದು ಕೂಗುತ್ತಿದ್ದ. ಗಿಡಕ್ಕೆ ಬೇಕಾದರೆ ಆ ಕಡೆ ಮುಖ ಮಾಡಿ ಕೂರಲು ಹೇಳಿ ಎಂದು ಅವಳು ಒಳಗಿನಿಂದ ಉತ್ತರಿಸುತ್ತಿದ್ದಳು.

ಅಷ್ಟರಲ್ಲಿ ಭಾವನ ಫೋನು ಬಂತು: ನಾಳೆ ಊಟಕ್ಕೆ ಬರುತ್ತೇನೆ. ಹೆಂಡತಿ ಗಂಡನ ಮುಖ ನೋಡಿದಳು. ನಾಳೆ ಗಿಡ ತೊಟ್ಟಿಯಲ್ಲಿರಬೇಕು, ಇಲ್ಲವಾದರೆ ನೀವೂ ಬಕೆಟ್ಟಿನ ಪಕ್ಕದಲ್ಲೇ ಹಾಸಿಕೊಳ್ಳಿ ಎಂದಳು. ಸೀಗಡಿಗಳ ಪ್ರಾಣ ಒಂದು ಕಡೆ, ತವರಿನ ಮಾನ ಇನ್ನೊಂದು ಕಡೆ. ಕ್ಷೌರಿಕ ತನ್ನ ಅಂಗಡಿಯ ಎದುರಿನ ಆಟಿಕೆ ಅಂಗಡಿಗೆ ಹೋಗಿ, ಸುಮಾರಾಗಿ ಅದೇ ರೂಪದ ಪ್ಲಾಸ್ಟಿಕ್ ಗಿಡ ತಂದ. ಬಿಸಿನೀರಿನಲ್ಲಿ ಅದ್ದಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ತೊಟ್ಟಿಯಲ್ಲಿ ನೆಟ್ಟ. ಬಚ್ಚಲಿನ ಬಕೆಟ್ಟಿನ ಮೇಲೆ ಟವೆಲುಗಳನ್ನು ಪೇರಿಸಿದ. ತಾನು ಏನನ್ನೂ ನೋಡಿಲ್ಲ ಎಂದು ಹೇಳಿ ಹೆಂಡತಿ ಅಡುಗೆಮನೆಗೆ ಹೋದಳು.

ಭಾವ ಬಂದವನೇ ತೊಟ್ಟಿಗೆ ಮೂಗು ತಾಗಿಸಿ ನಿಂತ. ಎಂಥ ಚಿಗುರು, ಎಂಥ ಹೊಳಪು ಎಂದು ಹೊಗಳಿದ. ತಾನು ಕೊಟ್ಟಾಗ ಇಲ್ಲದ ಒಂದು ಹೊಸ ಎಲೆಯನ್ನೂ ಗುರುತಿಸಿದ. ಕ್ಷೌರಿಕ ಹೌದೌದು ಎಂದ. ಊಟ ಚೆನ್ನಾಗಿಯೇ ಸಾಗಿತು. ಭಾವ ಕೈ ತೊಳೆಯಲು ಎದ್ದಾಗ ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ತುಂಬಿತ್ತು. ತಡೆಯುವಷ್ಟರಲ್ಲಿ ಅವನು ಬಚ್ಚಲುಮನೆ ಸೇರಿದ್ದ.

ಕೈ ಒರೆಸಲು ಟವೆಲು ಎಳೆದಿರಬೇಕು. ಮೊದಲು ನೀರಿನ ಸದ್ದು ನಿಂತಿತು. ಆಮೇಲೆ ಬಸ್ಸಿನ ಬ್ರೇಕು ಕೀರಿದಂಥ ಒಂದು ಸದ್ದು ಬಂತು. ಭಾವ ಎಡಗೈಯಲ್ಲಿ ಗಿಡದ ಗೊಂಚಲು ಹಿಡಿದು, ಬಲಗೈಯನ್ನು ದೂರಕ್ಕೆ ಚಾಚಿಕೊಂಡು ಹೊರಬಂದ. ತೋರುಬೆರಳ ತುದಿಗೆ ಕಂದುಬಣ್ಣದ, ಆರು ಕಾಲಿನ ವಿಕಾರ ಹುಳವೊಂದು ಕಚ್ಚಿಕೊಂಡಿತ್ತು. ಹೆಂಡತಿ ನರ್ಸಲ್ಲವೇ, ಗಾಬರಿಯಾಗದೆ ಅದನ್ನು ಬಿಡಿಸಿ ನೀರಿನ ಬಟ್ಟಲಿಗೆ ಹಾಕಿದಳು.

"ಇದು ನನ್ನ ಗಿಡ," ಎಂದ ಭಾವ. "ಹಾಗಾದ್ರೆ ಅಲ್ಲಿರೋದು ಏನ್ರೀ?"

ಕ್ಷೌರಿಕ ನೆಲ ನೋಡಿದ. "ಪ್ಲಾಸ್ಟಿಕ್ಕು, ಭಾವ."

ಹೊಸ ಎಲೆ ಗುರುತಿಸಿದವನ ಮುಖ ಹೇಗಾಯಿತೆಂದು ಬೇರೆ ಹೇಳಬೇಕಿಲ್ಲ. ಕೊಟ್ಟವರ ಪ್ರೀತಿಯನ್ನು ಬಚ್ಚಲಿಗೆಸೆಯುವ ಮನೆಯಲ್ಲಿ ಇನ್ನು ನೀರೂ ಮುಟ್ಟುವುದಿಲ್ಲ ಎಂದು ಶುರುಮಾಡಿದ ಭಾವ, ತಂಗಿಯ ಮದುವೆಯ ದಿನದವರೆಗೂ ಹಿಂದೆ ಹೋಗಿ ಬಂದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಕ್ಷೌರಿಕ ಬಟ್ಟಲನ್ನು ಮುಂದಿಟ್ಟ. ಇದು ಏರೋಪ್ಲೇನ್ ಚಿಟ್ಟೆಯ ಮರಿ, ಗಿಡದ ಬುಡದ ಸಂದಿನಲ್ಲಿ ಅವಿತಿದ್ದಿರಬೇಕು, ಅದಕ್ಕೇ ಬಾಚಣಿಗೆಗೂ ಸಿಗಲಿಲ್ಲ, ಪಟಿಕದ ನೀರಿಗೂ ಜಗ್ಗಲಿಲ್ಲ ಎಂದು ವಿವರಿಸಿದ. ನೇರ ತೊಟ್ಟಿಗೆ ಹೋಗಿದ್ದರೆ ಸೀಗಡಿಗಳನ್ನು ಒಂದೊಂದಾಗಿ ಹಿಡಿದು ತಿಂದು ಮುಗಿಸುತ್ತಿತ್ತು. ಹಿಂದಿನ ಸಲ ಸತ್ತವುಗಳ ಕಥೆಯನ್ನೂ ಹೇಳಿದ. ಹೇಳುತ್ತ, ಸತ್ತವನ್ನು ಬೆರಳು ಮಡಿಸಿ ಎಣಿಸತೊಡಗಿದ.

ಅದನ್ನು ಕೇಳಿ ಹೆಂಡತಿ ಪಕ್ಷ ಬದಲಿಸಿದಳು.

"ಯಾವ ಅಂಗಡಿ ಹೇಳಣ್ಣ. ಹೊರದೇಶದ್ದು ಅಂತ ಹುಳ ಕಟ್ಟಿ ಕೊಟ್ಟಿದಾರಲ್ಲ, ನಾನೇ ಹೋಗಿ ವಿಚಾರಿಸ್ತೀನಿ."

"ಹೋಗ್ಲಿ ಬಿಡಮ್ಮ."

"ಯಾಕೆ ಬಿಡ್ಲಿ? ಹೆಸರು ಹೇಳು, ಸಾಕು."

ಭಾವ ಬೆರಳನ್ನು ಉಜ್ಜಿಕೊಂಡ. ಕಡೆಗೆ ನಿಜ ಹೊರಬಿತ್ತು; ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬರಬಹುದೆಂದು ಯಾರಿಗೂ ಗೊತ್ತಿರಲಿಲ್ಲ. ಅಂಗಡಿಗೆ ಹೋಗಿದ್ದು ಹೌದು. ಅಲ್ಲಿಯ ಹೆಂಗಸು ತೊಟ್ಟಿ ಎಷ್ಟು ದೊಡ್ಡದು, ನೀರು ಗಡಸೋ ಮೃದುವೋ, ಬೆಳಕು ಎಂಥದು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ್ದಳು. ಊರನ್ನೆಲ್ಲ ಪ್ರಶ್ನಿಸುವವನಿಗೆ ಒಂದಕ್ಕೂ ಉತ್ತರ ಹೊಳೆಯಲಿಲ್ಲ. ಅವಮಾನವಾಗಿ ಬರಿಗೈಯಲ್ಲಿ ಬಂದ. ಗಿಡ ಕಿತ್ತದ್ದು ಡಿಪೋದ ಹಿಂದಿನ ಕೊಳದಲ್ಲಿ.

ಹೆಂಡತಿ ನಕ್ಕಳು. ನಿಂತು ನಗಲಾರದೆ ಕೂತು ನಕ್ಕಳು. ಒಬ್ಬರದು ಪ್ಲಾಸ್ಟಿಕ್ಕು, ಇನ್ನೊಬ್ಬರದು ಕೊಳದ್ದು, ಇಬ್ಬರಿಗೂ ನಾನೇ ಸಿಕ್ಕಿದ್ದು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡಸರಿಬ್ಬರೂ ಬೇರೆ ದಾರಿ ಕಾಣದೆ ಬಟ್ಟಲಿನಲ್ಲಿದ್ದ ಹುಳವನ್ನು ನೋಡುತ್ತ ಕೂತರು. ಭಾವ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ಇದಕ್ಕೆ ರೆಕ್ಕೆ ಯಾವಾಗ ಬರುತ್ತೆ ಎಂದು ಮೆಲ್ಲಗೆ ಕೇಳಿದ. ಸಂಜೆ ಅದನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು, ಮತ್ತೆ ಕೊಳಕ್ಕೇ ಬಿಡಲು ಬಸ್ಸು ಹತ್ತಿದ.

ಗಿಡ ಇನ್ನೂ ಕೆಲವು ವಾರ ಬಚ್ಚಲಿನಲ್ಲೇ ಉಳಿಯಿತು. ಈಗ ಅದಕ್ಕೆ ರೋಗಿಯ ಮರ್ಯಾದೆ ಸಿಕ್ಕಿತ್ತು. ಭಾವ ಡಿಪೋದಿಂದಲೇ ಫೋನು ಮಾಡಿ ಆರೋಗ್ಯ ವಿಚಾರಿಸುತ್ತಿದ್ದ. ಬಕೆಟ್ಟಿನಲ್ಲಿ ಹೊಸ ಹುಳ ಕಾಣುವುದು ನಿಂತ ಮೇಲೆ, ಕ್ಷೌರಿಕ ಎದೆ ಗಟ್ಟಿ ಮಾಡಿಕೊಂಡು ಎರಡು ಸೀಗಡಿಗಳನ್ನು ಮೊದಲು ಅದರೊಳಗೆ ಬಿಟ್ಟ. ಅವು ಸಾಯಲಿಲ್ಲ, ಗಿರಕಿ ಹೊಡೆಯಲಿಲ್ಲ. ಎಲೆಯ ಮೇಲೆ ಕೂತು ಮೇಯತೊಡಗಿದವು. ದಿನಗಳು ಕಳೆದರೂ ಅವು ಗೆಲುವಾಗಿಯೇ ಇದ್ದುದರಿಂದ, ಪ್ಲಾಸ್ಟಿಕ್ಕನ್ನು ಕಿತ್ತು ಗಿಡವನ್ನು ತೊಟ್ಟಿಗೆ ಇಳಿಸಿದ. ಮಿಕ್ಕ ಸೀಗಡಿಗಳು ಹೊಸ ಮನೆಗೆ ಬಂದ ನೆಂಟರ ಹಾಗೆ ಎಲೆಯಿಂದ ಎಲೆಗೆ ಓಡಾಡಿದವು.

ಹಸಿರಿನ ಆಸರೆ ಸಿಕ್ಕಿ ಕೆಲವಕ್ಕೆ ಹೊಟ್ಟೆಯಡಿ ಮೊಟ್ಟೆಗಳೂ ಕಾಣಿಸಿಕೊಂಡವು. ಮುಂದೊಂದು ರಜೆಯ ದಿನ ಭಾವ ತೊಟ್ಟಿಯ ಮುಂದೆ ಕನ್ನಡಕ ಏರಿಸಿ ಕೂತಿದ್ದವನು, ಮರಿ ಕಂಡಿತು ಎಂದ. ಕ್ಷೌರಿಕ ಬಗ್ಗಿ ನೋಡಿದ. ಎಲೆಯ ತುದಿಯಲ್ಲಿ ಕೂದಲ ತುಣುಕಿನಂಥದ್ದು ಏನೋ ಇತ್ತು.

"ಮರಿ ಅಲ್ಲ ಭಾವ, ಕಸ."

"ಕಸಕ್ಕೆ ಕಣ್ಣಿರುತ್ತೇನ್ರೀ?"

ಕ್ಷೌರಿಕ ಇನ್ನೂ ಹತ್ತಿರ ಸರಿದು ನೋಡಿದ. ಎರಡು ಕಪ್ಪು ಚುಕ್ಕೆ. ಕಣ್ಣೇ.