ಮಾಚಪ್ಪನ ಕಾಲುಪಟ್ಟಿ

ನಾನು ಒಂದು ಕಾಲುಪಟ್ಟಿ. ಹತ್ತಿಯ ನೂಲಿನ ನಡುವೆ ರಬ್ಬರಿನ ಎಳೆ ಸೇರಿಸಿ ಯಂತ್ರವೊಂದು ನನ್ನನ್ನು ನೇಯಿತು. ಎಳೆದರೆ ಹಿಗ್ಗಬೇಕು, ಬಿಟ್ಟರೆ ಕುಗ್ಗಬೇಕು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ನಾನು ಸೇರಿದ್ದು ಇಸ್ತ್ರಿ ಅಂಗಡಿಯ ಮಾಚಪ್ಪನ ಎಡಗಾಲನ್ನು. ಮೂವತ್ತು ವರ್ಷ ಮೇಜಿನ ಮುಂದೆ ನಿಂತ ಕಾಲು. ಸಂಜೆಯಾದರೆ ಊದುತ್ತಿತ್ತು, ನರ ಉಬ್ಬುತ್ತಿತ್ತು. ಕಣಕಾಲಿನ ಚರ್ಮ ಕಪ್ಪಾಗಿ ನವೆ ಹತ್ತಿದಾಗ, ಇದ್ದಿಲ ಮಸಿಯೆಂದು ಸೋಪು ಹಾಕಿ ಉಜ್ಜಿದನಂತೆ. ಉಜ್ಜಿದಲ್ಲೇ ಹುಣ್ಣಾಯಿತು. ಅರಿಶಿನ ಮೆತ್ತಿದರೂ ವರ್ಷವಿಡೀ ಮಾಯಲಿಲ್ಲ.

ಆಸ್ಪತ್ರೆಯ ಸಿಸ್ಟರ್ ರೋಸಲಿನ್ ಪಾದದ ನಾಡಿ ನೋಡಿದರು. ರಕ್ತ ಕೆಳಗೆ ಸರಿಯಾಗಿ ಇಳಿಯುತ್ತಿದೆ, ಮೇಲಕ್ಕೆ ಹತ್ತುತ್ತಿಲ್ಲ ಎಂದರು. ಅದು ಮೇಲೇರಲು ಹಾಸಿಗೆ ಬಿಡುವ ಮೊದಲೇ ಬೆರಳ ಬುಡದಿಂದ ಮಂಡಿಯವರೆಗೆ ನನ್ನನ್ನು ಬಿಗಿಯಾಗಿ ಸುತ್ತಬೇಕು, ಬಿಡುವಾದಾಗ ಕಾಲನ್ನು ಎತ್ತರಕ್ಕಿಡಬೇಕು, ನನ್ನನ್ನು ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು. ಇಸ್ತ್ರಿ ಮಾಡಬೇಡಿ ಎಂದು ಹೇಳಲಿಲ್ಲ. ಕಾಲುಪಟ್ಟಿಗೆ ಯಾರು ತಾನೇ ಇಸ್ತ್ರಿ ಮಾಡುತ್ತಾರೆ?

ಮೂರು ತಿಂಗಳು ಬಿಗಿಯಾಗಿ ಹಿಡಿದುಕೊಂಡೆ. ಅಂಗೈಯಗಲದ ಹುಣ್ಣು ಹುಣಸೆಬೀಜದಷ್ಟಾಯಿತು. ಇನ್ನೊಂದು ತಿಂಗಳಾಗಿದ್ದರೆ ಮಾಯುತ್ತಿತ್ತು. ಅವನ ಕೆಲಸ ಅವನಿಗೆ ಉಳಿಯುತ್ತಿತ್ತು.

ದೊಡ್ಡ ಡಾಕ್ಟರಿಗೆ ಕಾಲು ತೋರಿಸುವ ದಿನ ಬಂತು. ಸುಕ್ಕುಬಟ್ಟೆಯಲ್ಲಿ ಯಾರೆದುರೂ ನಿಂತವನಲ್ಲ ಮಾಚಪ್ಪ. ನನ್ನನ್ನು ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಕೆಂಡ ತುಂಬಿದ ಪೆಟ್ಟಿಗೆಯನ್ನು ಒತ್ತಿ ಎಳೆದ. ಪ್ರೀತಿಯಿಂದಲೇ ಎಳೆದ. ನನ್ನೊಳಗಿನ ರಬ್ಬರು ಬೆಂದು ಸತ್ತಿತು. ಡಾಕ್ಟರು ಹುಣ್ಣನ್ನು ನೋಡಿ ಮೆಚ್ಚಿದರು; ನನ್ನನ್ನು ಎಳೆದು ನೋಡಲಿಲ್ಲ.

ಆಮೇಲೂ ಅವನು ವಾರಕ್ಕೊಮ್ಮೆ ಇಸ್ತ್ರಿ ಹಾಕಿ, ದಿನಾ ನನ್ನನ್ನು ನಂಬಿ ಸುತ್ತಿಕೊಂಡ. ನಾನು ಸುಮ್ಮನೆ ಕಾಲಿನ ಮೇಲೆ ಬಿದ್ದಿದ್ದೆ. ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ. ತಿಂಗಳೊಳಗೆ ಹುಣ್ಣು ಮೊದಲಿಗಿಂತ ಅಗಲವಾಯಿತು, ಕಾಲು ಕೆಂಪಾಗಿ ಜ್ವರ ಬಂತು.

“ಬಿಗಿನೇ ಇಲ್ವಲ್ಲ ಮಾಚಪ್ಪೋರೆ. ಏನ್ ಮಾಡಿದ್ರಿ ಇದಕ್ಕೆ?” ಎಂದರು ಸಿಸ್ಟರ್.

“ಸುಕ್ಕಾಗಿತ್ತು ಕಣವ್ವ. ವಾರವಾರ ಇಸ್ತ್ರಿ ಹಾಕ್ತಿದ್ದೆ.”

ಅವನಿಗೆ ಹೊಸ ಪಟ್ಟಿ ಬಂತು. ಕಾಲು ಮಾತ್ರ ಮತ್ತೆ ಮೊದಲಿನಂತೆ ನಿಲ್ಲಲಿಲ್ಲ. ಈಗ ಮೇಜಿನ ಮುಂದೆ ನಿಲ್ಲುವವಳು ಅವನ ಹೆಂಡತಿ ಪುಟ್ಟಸಿದ್ದಮ್ಮ. ಅವಳ ಕೈ ಸುಡದಿರಲೆಂದು ನನ್ನನ್ನು ಕತ್ತರಿಸಿ ಆ ಪೆಟ್ಟಿಗೆಯ ಹಿಡಿಗೇ ಸುತ್ತಿದ್ದಾರೆ.

ನಿನ್ನೆ ಸಂಜೆ, ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಮಾಚಪ್ಪ ಅವಳ ಕಣಕಾಲಿನ ಕಪ್ಪನ್ನೇ ನೋಡುತ್ತಿದ್ದ. ಅದೇನೆಂದು ಕೇಳಿದ.

“ಮಸಿ ಬುಡಿ. ತೊಳುದ್ರೆ ಹೋಯ್ತದೆ.”

“ಮಸಿ ಅಲ್ಲ ಕಣೆ ಅದು.”

ಅವಳು ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ತಿರುಗಿ ಹಿಡಿಯುವ ಶಕ್ತಿ ನನಗಿರಲಿಲ್ಲ.